ನಾಲ್ಕು ಕುಳ್ಳ ಪಿಸ್ಟನ್ನು

ಜೂನ್ 3

ಪ್ರಿಯ ಭಾಮೈದ,

ಕೆಳಗೆ ಸಹಿ ಮಾಡಿರುವ ನಾನು, ಭೌತಶಾಸ್ತ್ರದ ಅಧ್ಯಾಪಕ, ನಿನ್ನ ಅಕ್ಕನ ಏಕೈಕ ಗಂಡ, ಪೂರ್ಣ ಎಚ್ಚರದಲ್ಲಿ, ಯಾರ ಬೆದರಿಕೆಯೂ ಇಲ್ಲದೆ ಈ ಮೂಲಕ ಒಪ್ಪಿಕೊಳ್ಳುವುದೇನೆಂದರೆ: ಅಡುಗೆಮನೆಯ ತಕ್ಕಡಿ ಕದ್ದವನು ನಾನೇ. ಬೆಕ್ಕು ನಿರಪರಾಧಿ. ಅದು ಬೀಳಿಸಿ ಒಡೆದಿರಬೇಕು, ಕೆಲಸದವಳು ಚೂರು ಗುಡಿಸಿ ಎಸೆದಿರಬೇಕು ಎಂಬ ಕಥೆ ಕಟ್ಟಿದವನೂ ನಾನೇ. ಮೂರು ದಿನದಿಂದ ನಿನ್ನ ಅಕ್ಕ ಹಿಟ್ಟನ್ನು ಅಂದಾಜಿನ ಮೇಲೆ ಕಲಸುತ್ತಿದ್ದಾಳೆ, ನಾವು ಅಂದಾಜಿನ ಮೇಲೆ ಅಗಿಯುತ್ತಿದ್ದೇವೆ. ತಕ್ಕಡಿ ಕಾರಿನ ಶೆಡ್ಡಿನಲ್ಲಿದೆ. ಅದರ ಮೇಲೆ ಈಗ ಪಿಸ್ಟನ್ನುಗಳು ಕೂರುತ್ತಿವೆ. ಜೀವನದಲ್ಲಿ ಮೊದಲ ಸಲ ನಾನು ತೂಕದ ವಿಷಯ ಮಾತಾಡುತ್ತಿದ್ದೇನೆ, ಕೇಳು.

ಮಾವ ಹೋದ ವರ್ಷ ಮಗಳಿಗೆಂದು ಕೊಟ್ಟ ಕಾರು ಸಮತಟ್ಟಿನ ರಸ್ತೆಯಲ್ಲಿ ರಾಜ. ಏರು ಬಂದ ಕೂಡಲೇ ಕೆಮ್ಮಿ ನಿಲ್ಲುತ್ತದೆ. ನಿನ್ನ ಅಕ್ಕ ಕೆಲಸ ಮಾಡುವ ಆಸ್ಪತ್ರೆ ಇರುವುದು ಏರಿನ ತುದಿಯಲ್ಲಿ. ಹಾಗಾಗಿ ದಿನಾ ಬೆಳಿಗ್ಗೆ ನರ್ಸಮ್ಮ ಸ್ಟೀರಿಂಗ್ ಹಿಡಿಯುತ್ತಾಳೆ, ಅಧ್ಯಾಪಕರು ಹಿಂದಿನಿಂದ ತಳ್ಳುತ್ತಾರೆ, ವಿದ್ಯಾರ್ಥಿಗಳು ಬಸ್ಸಿನ ಕಿಟಕಿಯಿಂದ ‘ಸಾರ್, ಬಲ ಗುಣಿಸು ದೂರ ಎಷ್ಟಾಯ್ತು ಸಾರ್?’ ಎಂದು ಕೂಗುತ್ತಾರೆ.

ನೀನು ಕಳಿಸಿದ ಉದ್ದ ಕೈಯ ಕ್ರ್ಯಾಂಕ್ ತಲುಪಿತು. ಕೈ ಉದ್ದವಾದರೆ ಪಿಸ್ಟನ್ನಿನ ಓಡಾಟ, ಅಂದರೆ ಸ್ಟ್ರೋಕು, ಉದ್ದ, ಓಡಾಟ ಉದ್ದವಾದರೆ ಅದೇ ಇಂಜಿನ್ನು ಹೆಚ್ಚು ಉಸಿರೆಳೆದು ಏರು ಹತ್ತುತ್ತದೆ, ಇಲ್ಲಿಯವರೆಗೆ ನನಗೆ ಅರ್ಥವಾಗಿದೆ. ಆದರೆ ಹಳೆಯ ಪಿಸ್ಟನ್ನನ್ನೇ ಹಾಕಿದರೆ ಅದು ಮೇಲೆ ಬಂದಾಗಲೆಲ್ಲ ತಲೆ ಸೂರಿಗೆ ಬಡಿಯುತ್ತದೆ. ಮೂರು ಮಿಲಿಮೀಟರು ಕುಳ್ಳ ಪಿಸ್ಟನ್ ಬೇಕು. ಅಂಗಡಿಯವನಿಂದ ಮೂರು ನಮೂನೆ ತಂದಿದ್ದೇನೆ. ಒಂದು ಎರಕದ್ದು, ಅಗ್ಗ, ಆದರೆ ಅದರ ತಲೆ ಕೆರೆಸಿ ಕುಳ್ಳ ಮಾಡಬೇಕಂತೆ. ಇನ್ನೊಂದು ಯಾವುದೋ ವ್ಯಾನಿನದು, ಎತ್ತರ ಸರಿ, ರಾಡಿಗೆ ಜೋಡಿಸುವ ಪಿನ್ನು ದಪ್ಪ. ಮೂರನೆಯದು ಫೋರ್ಜ್ ಮಾಡಿದ್ದು, ಅಂದರೆ ಬಡಿದು ರೂಪಿಸಿದ್ದು, ಕನ್ನಡಿಯ ಹಾಗಿದೆ, ಬೆಲೆ ಕೇಳಿ ಸ್ಟ್ರೋಕು ನನಗೇ ಹೊಡೆಯಿತು.

ಯಾವುದು, ಹೇಳು. ಬ್ಲಾಕಿಗೆ ಬೋರು ಮಾಡುವುದು, ಅಂದರೆ ಪಿಸ್ಟನ್ ಓಡುವ ತೂತು ಕೊರೆಯುವುದು, ನಿನ್ನ ಕೆಲಸ. ಬೋರು ಹೊಡೆಸುವುದರಲ್ಲಿ ನನಗೂ ಹದಿನೆಂಟು ವರ್ಷದ ಸರ್ವೀಸಿದೆ, ಆದರೆ ಅದು ಬೇರೆ ವಿಭಾಗ.

ಒಂದು ಮಾತು. ಕ್ರ್ಯಾಂಕನ್ನು ನಾನು ಬಾಯಿ ಬಿಟ್ಟು ಕೇಳುವ ಮೊದಲೇ ನೀನು ಕಳಿಸಿದೆ. ಕೇಳದೆ ಕೊಡುವವರನ್ನು ಕಂಡರೆ ನನಗೆ ಸ್ವಲ್ಪ ಭಯ.

ಉತ್ತರ ಕಾಲೇಜಿನ ವಿಳಾಸಕ್ಕೆ ಬರಲಿ. ಫೋನು ಬೇಡ. ನಮ್ಮ ಮನೆಯ ಫೋನಿಗೆ ನಿನ್ನ ಅಕ್ಕನ ಕಿವಿ ಜೋಡಿಸಿದೆ.

ತಕ್ಕಡಿಗಳ್ಳ,
ನಿನ್ನ ಭಾವ


ಜೂನ್ 10

ಭಾವನವರಿಗೆ ನಮಸ್ಕಾರ.

ಪತ್ರ ಬಂತು. ಅಪ್ಪನಿಗೆ ಓದಿ ಹೇಳಿದೆ. ಬೆಕ್ಕಿನ ಜಾಗದಲ್ಲಿ ನಕ್ಕರು, ವ್ಯಾನಿನ ಜಾಗದಲ್ಲಿ ಬೈದರು.

ಮೂರೂ ಬೇಡ. ತಲೆ ಕೆರೆದ ಪಿಸ್ಟನ್ ಏರಿನಲ್ಲಿ ಕಾದು ತೂತು ಬೀಳುತ್ತೆ. ವ್ಯಾನಿಂದು ಹಾಕಿದ್ರೆ ರಾಡಿನ ತೂತು ದೊಡ್ಡದು ಮಾಡಬೇಕು, ಆಮೇಲೆ ರಾಡ್ ನಂಬೋ ಹಾಗಿಲ್ಲ. ಮೂರನೇದು ನಿಮ್ಮ ಕೈಗೆ ಎಟಕಲ್ಲ.

ನನ್ನ ಹತ್ರ ಒಂದು ಸೆಟ್ಟಿದೆ. ನಾಲ್ಕೂ ಫೋರ್ಜ್ ಮಾಡಿದ್ದು, ಸರಿಯಾಗಿ ಮೂರು ಮಿಲಿ ಕುಳ್ಳ. ಒಬ್ಬ ಗಿರಾಕಿ ತರಿಸಿ ಬಿಟ್ಟುಹೋದ, ವಾಪಸ್ ಬರಲಿಲ್ಲ. ದುಡ್ಡೇನೂ ಬೇಡ, ಲಾರಿ ಬಾಡಿಗೆ ಕೊಡಿ ಸಾಕು. ನೀವು ಕಣ್ಣಾರೆ ನೋಡದೆ ಒಪ್ಪೋರಲ್ಲ ಅಂತ ನಿಮಗೇ ಕಳಿಸ್ತಿದ್ದೀನಿ. ನೋಡಿಯಾದ ಮೇಲೆ ಬ್ಲಾಕಿನ ಜೊತೆ ಪಿಸ್ಟನ್ನೂ ವಾಪಸ್ ಕಳಿಸಬೇಕು.

ನಮ್ಮ ಶೆಡ್ಡಲ್ಲಿ ಅಪ್ಪನ ಕಾಲದಿಂದ ಒಂದು ಪದ್ಧತಿ. ಪಿಸ್ಟನ್ ಕೈಗೆ ಬರದೆ ಬ್ಲಾಕಿಗೆ ಟೂಲ್ ಮುಟ್ಟಿಸಲ್ಲ. ಎರಡೂ ಒಂದು ದಿನ ಒಂದೇ ಕೋಣೆಯಲ್ಲಿ ಇದ್ದು ಒಂದೇ ಬಿಸಿಗೆ ಬರಬೇಕು. ಆಮೇಲೆ ಒಂದನೇ ಪಿಸ್ಟನ್ ಅಳೆದು ಅದಕ್ಕೆ ಒಂದನೇ ಬೋರು, ಎರಡನೇದು ಅಳೆದು ಎರಡನೇ ಬೋರು. ಅಂಗಿ ಹೊಲಿಯೋರು ಮನುಷ್ಯನ್ನ ನಿಲ್ಲಿಸಿಕೊಂಡು ಅಳೆಯೋ ಹಾಗೆ.

ಇನ್ನೊಂದು, ಇದು ತಮಾಷೆಯಲ್ಲ. ಈ ಬ್ಲಾಕಿನ ಬೋರು ಹುಟ್ಟುವಾಗ 83 ಮಿಲಿ. ಒಂದು ಸಲ ಕೊರೆದು 83.5 ಆಗಿದೆ. ಇನ್ನು ಒಂದೇ ಸಲ ಕೊರೆಯಬಹುದು, 84ಕ್ಕೆ. ಅದರಾಚೆ ಗೋಡೆ ತೆಳ್ಳಗಾಗಿ ನೀರಿನ ದಾರಿಗೆ ಒಡೆಯುತ್ತೆ. ಇಂಥ ಬ್ಲಾಕು ಈಗ ಎಲ್ಲೂ ಸಿಗಲ್ಲ. ತಪ್ಪಿದ್ರೆ ಕಾರು ಕೋಳಿ ಗೂಡಿಗೆ.

ಅಕ್ಕನಿಗೆ ಕೇಳಿದೆ ಅಂತ ಹೇಳಿ. ಕಾಲೇಜಿನ ವಿಳಾಸ ಯಾಕೋ ಗೊತ್ತಾಗಲಿಲ್ಲ.

ಇಂತಿ,
ನಿಮ್ಮ ಭಾಮೈದ


ಜೂನ್ 21

ಪ್ರಿಯ ಭಾಮೈದ,

ಪೆಟ್ಟಿಗೆ ಬಂತು. ಬಿಚ್ಚಿದೆ. ನಾಲ್ಕು ಜನ ಎಣ್ಣೆಕಾಗದ ಹೊದ್ದು ಮಲಗಿದ್ದರು. ಒಬ್ಬನನ್ನು ಎಬ್ಬಿಸಿ ಮೈ ತಡವಿದೆ. ನಿಜ ಹೇಳುತ್ತೇನೆ, ನನ್ನ ಮದುವೆಯ ಉಂಗುರಕ್ಕೂ ಇಷ್ಟು ಹೊಳಪಿರಲಿಲ್ಲ. ಅಲ್ಲಿಗೇ ಅನುಮಾನ ಶುರುವಾಯಿತು. ಇಂಥದ್ದನ್ನು ತರಿಸಿ, ಬಿಟ್ಟು, ಮರೆತುಹೋಗುವ ಗಿರಾಕಿ ಯಾವ ಊರಿನವನಪ್ಪ? ಅವನಿಗೆ ಹೆಸರಿಲ್ಲವೇ, ವಿಳಾಸವಿಲ್ಲವೇ, ಹೆಂಡತಿಯಿಲ್ಲವೇ? ಬೇರೆ ಏನನ್ನು ಮರೆತರೂ ‘ಎಲ್ರೀ ಅದು?’ ಎಂದು ಕೇಳುವ ಹೆಂಡತಿ ಎಲ್ಲರಿಗೂ ಇರುತ್ತಾಳೆ.

ಹಾಗಾಗಿ ಕಾಲೇಜಿನ ವರ್ಕ್‌ಶಾಪಿನಿಂದ ದೊಡ್ಡ ಬಾಯಿಯ ಮೈಕ್ರೋಮೀಟರು ಕೇಳಿ ತಂದೆ. (ಕೇಳಿಯೇ ತಂದೆ. ಒಂದು ತಿಂಗಳಿಗೆ ಒಂದೇ ಕಳ್ಳತನ ಎಂಬುದು ನನ್ನ ನಿಯಮ.) ಫಲಿತಾಂಶ ಹೀಗಿದೆ. ಪಿನ್ನಿನ ಉದ್ದಕ್ಕೆ ಅಳೆದರೆ 83.70. ಅದಕ್ಕೆ ಅಡ್ಡವಾಗಿ, ಕೆಳಗೆ ‘ಅಂಗಿ’ ಎನ್ನುವ ಭಾಗದಲ್ಲಿ ಅಳೆದರೆ 84.43. ಭಾಮೈದ, ಇದು ಪಿಸ್ಟನ್ನಲ್ಲ, ಮೊಟ್ಟೆ. ತಟ್ಟೆಯಲ್ಲಿಟ್ಟು ಕಾವು ಕೊಟ್ಟರೆ ಮರಿ ಬಂದೀತು.

ಇನ್ನೂ ಇದೆ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ 84 ಎಂದು ಅಚ್ಚಾಗಿದೆ. 84ರ ತೂತಿಗೆ ಹೋಗುವ ಪಿಸ್ಟನ್ 84ಕ್ಕಿಂತ ಕೂದಲೆಳೆಯಷ್ಟು ಸಣ್ಣದಿರಬೇಕು. ಇದು 84.43. ತೂತಿಗಿಂತ ಮೂತಿ ದೊಡ್ಡದು. ಎಂದರೆ ಪೆಟ್ಟಿಗೆ ಒಂದರದು, ಒಳಗಿರುವುದು ಇನ್ನೊಂದರದು. ಯಾರೋ ಬದಲಾಯಿಸಿದ್ದಾರೆ. ‘ಯಾರೋ’ ಎಂದು ಬರೆದಿದ್ದೇನೆ, ಗಮನಿಸು. ನಾನು ಸಭ್ಯ.

ಯಾವ ಇಂಜಿನ್ನಿನಲ್ಲಿ ಜೀವ ಸವೆಸಿ ಬಂದವು ಇವು? ಉಜ್ಜಿ ಹೊಳಪು ಕೊಟ್ಟವರು ಯಾರು? ಉತ್ತರ ಬರುವವರೆಗೆ ಪಿಸ್ಟನ್ನುಗಳು ನನ್ನ ಬೀರುವಿನಲ್ಲಿ, ಬೀಗದೊಳಗೆ.

ಸಂಶಯಾತ್ಮ,
ಭಾವ


ಜೂನ್ 26

ಭಾವನವರಿಗೆ,

ಪಿಸ್ಟನ್ ಗುಂಡಗಿರಲ್ಲ. ಯಾವ ಪಿಸ್ಟನ್ನೂ ಗುಂಡಗಿರಲ್ಲ. ಪಿನ್ನಿನ ಕಡೆ ಲೋಹ ಜಾಸ್ತಿ, ಬಿಸಿಯಾದಾಗ ಅಲ್ಲಿ ಹೆಚ್ಚು ಹಿಗ್ಗುತ್ತೆ. ಅದಕ್ಕೇ ಮೊದಲೇ ಅಲ್ಲಿ ಕಡಿಮೆ ಇಟ್ಟಿರ್ತಾರೆ. ತಣ್ಣಗಿದ್ದಾಗ ಮೊಟ್ಟೆ, ಕಾದ ಮೇಲೆ ಗುಂಡು. ‘ಮನುಷ್ಯರು ಕಾದರೆ ಆಕಾರ ಕೆಡ್ತಾರೆ, ಪಿಸ್ಟನ್ ಕಾದರೆ ಆಕಾರಕ್ಕೆ ಬರುತ್ತೆ ಅಂತ ಆ ಮೇಷ್ಟ್ರಿಗೆ ಬರಿ’ ಅಂದರು ಅಪ್ಪ. ಲೋಹ ಹಿಗ್ಗೋದು ನಿಮ್ಮ ಪಾಠದಲ್ಲೇ ಇರಬೇಕಲ್ವಾ?

ಆದ್ರೆ ನೀವು ಬರೆದಷ್ಟು ಮೊಟ್ಟೆ ಇರಲ್ಲ. 83.70 ಸರಿ. ಇನ್ನೊಂದು ಸಂಖ್ಯೆ ಸರಿಯಿಲ್ಲ. ಮತ್ತೆ ಅಳೀರಿ. ಒಂದಲ್ಲ, ನಾಲ್ಕನ್ನೂ ಅಳೀರಿ.

ಅವು ಯಾವ ಇಂಜಿನ್ನಲ್ಲೂ ಓಡಿಲ್ಲ. ಯಾರೂ ಉಜ್ಜಿಲ್ಲ. ಇಷ್ಟು ಹೇಳಬಲ್ಲೆ.

ನಾನೂ ಒಂದು ಕೇಳ್ತೀನಿ. ಕಾರು ಅಕ್ಕಂದು. ಇಂಜಿನ್ ಬಿಚ್ಚಿರೋದು ಅವಳಿಗೆ ಗೊತ್ತು, ಅಲ್ವಾ? ಪಿಸ್ಟನ್ ನಾನು ಕಳಿಸಿದ್ದು ಗೊತ್ತಾ? ಗೊತ್ತಿಲ್ಲದಿದ್ರೆ ಯಾಕೆ ಗೊತ್ತಿಲ್ಲ? ಇಂಜಿನ್ ಆದ ಮೇಲೆ ಮಾರೋ ಯೋಚನೆ ಇದ್ರೆ ಈಗಲೇ ಹೇಳಿಬಿಡಿ.

ಭಾಮೈದ


ಜುಲೈ 2

ಭಾಮೈದ ಮಹಾಶಯರಿಗೆ,

ಮಾರುವ ಯೋಚನೆ! ದಿನಾ ಬೆವರು ಸುರಿಸಿ ತಳ್ಳಿದವನನ್ನು ಮಾರುವವನು ಎನ್ನುತ್ತೀಯ. ಇಂಜಿನ್ ಬಿಚ್ಚಿದ್ದು ನಿನ್ನ ಅಕ್ಕನಿಗೆ ಗೊತ್ತು; ಪಿಸ್ಟನ್ ನೀನು ಕಳಿಸಿದ್ದೆಂದು ಹೇಳದಿರುವ ಕಾರಣ ಸರಳ. ಅವಳಿಗೆ ಹೇಳಿದರೆ ‘ನನ್ನ ತಮ್ಮ ಕಳಿಸಿದ್ದಾನಲ್ಲ, ಹಾಕಿಬಿಡಿ’ ಎನ್ನುತ್ತಾಳೆ. ನಿನ್ನ ವಿಷಯದಲ್ಲಿ ಅವಳ ನ್ಯಾಯಾಲಯಕ್ಕೆ ವರ್ಷವಿಡೀ ರಜೆ.

ನಿನ್ನೆ ನಾಲ್ವರನ್ನೂ ಪೆಟ್ಟಿಗೆಯಿಂದ ಎತ್ತಿ ಹೊರಗಿಟ್ಟೆ. ಪೆಟ್ಟಿಗೆಯ ತಳದಲ್ಲಿ ಮಡಿಸಿದ ಚೀಟಿ. ಪೆನ್ಸಿಲಿನಲ್ಲಿ ಎರಡು ಕೈಬರಹ. ಒಂದು ಮಾವನದು. ಕಾರಿನ ಜೊತೆ ಕೊಟ್ಟ ಎಣ್ಣೆ ಬದಲಿಸಿದ ಲೆಕ್ಕದ ಪುಸ್ತಕದಲ್ಲಿ ಆ ಬಾಲ ಎಳೆದ ಏಳನ್ನು ದಿನಾ ನೋಡುತ್ತೇನೆ. ಇನ್ನೊಂದು ನಿನ್ನದು. ಕಾರಿನ ನಂಬರು, ಕ್ರ್ಯಾಂಕಿನ ಅಳತೆ, ‘ಮೂರು ಮಿಲಿ ಕುಳ್ಳ’, ಕೆಳಗೆ ತಾರೀಕು. ಎಂಟು ವರ್ಷದ ಹಿಂದಿನದು.

ಹಾಗಾದರೆ ಆ ಮರೆಗುಳಿ ಗಿರಾಕಿ ನೀನೇ. ಎಂಟು ವರ್ಷದಿಂದ ನಿನಗೆ ಈ ಕಾರಿನ ಮೇಲೆ ಕಣ್ಣು. ಮಾವ ಅದನ್ನು ಮಗಳಿಗೆ ಕೊಟ್ಟಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನೂ ನೀನು, ನನಗೆ ನೆನಪಿದೆ. ಆಗಲೇ ಅನ್ನಿಸಿತ್ತು, ಇಷ್ಟು ಶಬ್ದ ಖಾಲಿ ಡಬ್ಬದ್ದೇ ಎಂದು.

ಈಗ ನಿನ್ನ ಯೋಜನೆ ನನಗೆ ಬೆಳಗಿನಷ್ಟು ಸ್ಪಷ್ಟ. ಬ್ಲಾಕೂ ಪಿಸ್ಟನ್ನೂ ಎರಡೂ ನಿನ್ನ ಶೆಡ್ಡಿಗೆ ಬರಬೇಕು. ನೀನು 84ಕ್ಕೆ ಕೊರೆಯುತ್ತೀಯ. 84.43 ಅದರೊಳಗೆ ಇಳಿಯುವುದಿಲ್ಲ. ‘ಅಯ್ಯೋ ಭಾವ, ಹಿಡಿಸ್ತಿಲ್ಲ, ಬ್ಲಾಕು ಇಲ್ಲೇ ಇರಲಿ’ ಎಂದು ಪತ್ರ ಬರುತ್ತದೆ. ಆಮೇಲೆ ನಿನ್ನ ಬೀರುವಿನಿಂದ ಅಸಲಿ ಪಿಸ್ಟನ್ ಹೊರಬರುತ್ತವೆ. ‘84 ಕೊನೆ, ಅದರಾಚೆ ಕೋಳಿ ಗೂಡು’ ಎಂದವನೂ ನೀನೇ ತಾನೇ? ಇನ್ಯಾರು ಹೇಳಿದ್ದಾರೆ?

ನೀನು ಹೇಳಿದಂತೆ ನಾಲ್ಕನ್ನೂ ಅಳೆದೆ. ಒಂದೊಂದನ್ನೂ ಐದೈದು ಸಲ. ಇಪ್ಪತ್ತು ಅಳತೆಯ ಕೋಷ್ಟಕ ಲಗತ್ತಿಸಿದ್ದೇನೆ. ಸರಾಸರಿ 84.43. ಹದಿನೆಂಟು ವರ್ಷದಿಂದ ಪ್ರಯೋಗಾಲಯದಲ್ಲಿ ಮಕ್ಕಳಿಗೆ ಮೈಕ್ರೋಮೀಟರು ಓದುವುದನ್ನೇ ಕಲಿಸುತ್ತಿದ್ದೇನಪ್ಪ. ನನ್ನ ಕೈಯಿಂದ ಒಂದು ತಪ್ಪು ಅಳತೆ ಬಂದ ದಿನ ಸೀಮೆಸುಣ್ಣ ಕೆಳಗಿಟ್ಟು ಮನೆಗೆ ಹೋಗುತ್ತೇನೆ.

ಬ್ಲಾಕನ್ನು ಲಾರಿಗೆ ಹಾಕಿದ್ದೇನೆ. ಪಿಸ್ಟನ್ ಕಳಿಸುವುದಿಲ್ಲ, ಅವು ಸಾಕ್ಷಿ. ನನ್ನ ಬಳಿಯಿರುವ 84.43ಕ್ಕೆ ಹೊಂದುವಂತೆ 84.50ಕ್ಕೆ ಬೋರು ಮಾಡಿ ವಾಪಸ್ ಕಳಿಸು.

ಎಚ್ಚರವಾಗಿರುವ,
ಭಾವ


ಜುಲೈ 19

ಭಾವನವರಿಗೆ,

ಬ್ಲಾಕ್ ಬಂದು ಹತ್ತು ದಿನ ಆಯ್ತು. ತೊಳೆದು ಒರೆಸಿ ಬೆಂಚಿನ ಮೇಲೆ ಇಟ್ಟಿದ್ದೀನಿ. ಮೇಲೆ ಬಟ್ಟೆ ಹೊದಿಸಿದ್ದೀನಿ. ಮುಟ್ಟಿಲ್ಲ.

ಪಿಸ್ಟನ್ ಬರದೆ ಮುಟ್ಟಲ್ಲ.

ಚೀಟಿಯ ವಿಷಯ ನಿಮಗೆ ಸಂಬಂಧ ಇಲ್ಲ.


ಜುಲೈ 23

ಮಾನ್ಯರೇ,

ವಿಷಯ: ಬ್ಲಾಕನ್ನು ಒತ್ತೆಯಿಟ್ಟುಕೊಂಡಿರುವ ಬಗ್ಗೆ.
ಉಲ್ಲೇಖ: ತಮ್ಮ ಜುಲೈ 19ರ ಆರು ಸಾಲು. ನಿಮ್ಮ ಅಕ್ಕನ ಮದುವೆಯಲ್ಲಿ ನೀವು ನನ್ನೊಡನೆ ಆಡಿದ್ದಕ್ಕಿಂತ ಅವು ಎರಡು ಸಾಲು ಹೆಚ್ಚು ಎಂಬುದನ್ನು ದಾಖಲೆಯಲ್ಲಿ ಸೇರಿಸಲಾಗಿದೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರುವುದೇನೆಂದರೆ, ಹೊಳೆಯ ಆಚೆ ಇನ್ನೊಂದು ಶೆಡ್ಡಿದೆ. ಅಲ್ಲಿನವರಿಗೆ ಅಪ್ಪನ ಕಾಲದ ಪದ್ಧತಿಗಳಿಲ್ಲ. ‘ಅಳತೆ ಚೀಟಿ ಕೊಡಿ ಸಾರ್, ಎಷ್ಟು ಬೇಕೋ ಅಷ್ಟು ಕೊರೀತೀವಿ’ ಎಂದರು. ಎಂಥ ಸವಿನುಡಿ! ಗೋಡೆ ತೆಳ್ಳಗಾಗುತ್ತದೆಯೇ ಎಂದು ಕೇಳಿದೆ. ‘ಅದೆಲ್ಲ ಹೆದರಿಸೋಕೆ ಹೇಳ್ತಾರೆ ಸಾರ್’ ಎಂದರು. ನನಗೂ ಹಾಗೇ ಅನ್ನಿಸಿತ್ತು.

ಆಗಸ್ಟ್ 12ಕ್ಕೆ ಲಾರಿಯವನು ತಮ್ಮ ಬಾಗಿಲಿಗೆ ಬರುತ್ತಾನೆ. ಬ್ಲಾಕನ್ನು ಅವನ ಕೈಗೆ ಕೊಡುವುದು. ಅಷ್ಟರೊಳಗೆ 84.50ಕ್ಕೆ ತಾವೇ ಕೊರೆದಿದ್ದರೆ ಸಂತೋಷ. ಜವಾಬ್ದಾರಿ ಪೂರ್ತಿ ನನ್ನದು ಎಂದು ಈ ಮೂಲಕ ಬರೆದು ಕೊಟ್ಟಿದ್ದೇನೆ. ತಮಗೆ ಕಣ್ಣು ಮುಚ್ಚಿಕೊಂಡು ಮಾಡುವಷ್ಟು ಸುಲಭದ ಕೆಲಸ.

ತಮ್ಮ ವಿಶ್ವಾಸಿ ಎಂದು ಬರೆಯುವುದು ವಾಡಿಕೆ. ಬರೆದಿಲ್ಲ.


ಆಗಸ್ಟ್ 4

ಅಕ್ಕನಿಗೂ ಭಾವನವರಿಗೂ,

ಇದನ್ನು ಮನೆಯ ವಿಳಾಸಕ್ಕೆ ಹಾಕ್ತಿದ್ದೀನಿ. ಅಕ್ಕ, ನೀನು ಮೊದಲು ಓದು, ಆಮೇಲೆ ಅವರಿಗೆ ಕೊಡು. ಹಿಂದಿನ ಪತ್ರಗಳು ಅವರ ಕಾಲೇಜಿನ ಮೇಜಿನಲ್ಲಿರುತ್ತವೆ, ಕೇಳಿ ಇಸಿದುಕೋ.

ಭಾವ, ನೀವು ಹೇಳಿದ್ದು ನಿಜ. ಪಿಸ್ಟನ್ ತರಿಸಿದ್ದು ನಾನೇ. ಎಂಟು ವರ್ಷದ ಹಿಂದೆ ಅಪ್ಪನೂ ನಾನೂ ಕೂತು ಲೆಕ್ಕ ಹಾಕಿದ್ವಿ. ಅವತ್ತು ಇನ್ನೂ ಕ್ರ್ಯಾಂಕ್ ಸಿಕ್ಕಿರಲಿಲ್ಲ. ಪಿಸ್ಟನ್ ಮೊದಲು ಬಂತು. ಭಾನುವಾರ ಭಾನುವಾರ ತೆಗೆದು ಅಳೆದು ಮತ್ತೆ ಕಾಗದ ಸುತ್ತಿ ಇಡ್ತಿದ್ದೆ. ಅಪ್ಪ ‘ಅವನ್ನ ಮದುವೆ ಮಾಡಿಕೊಂಡುಬಿಡೋ’ ಅನ್ನೋರು. ಕಾರು ನನಗೇ ಅಂತ ಮಾತಾಗಿತ್ತು. ಕಾರಿನ ಮೇಲೆ ನನಗೆ ಕಣ್ಣು ಅಂದ್ರಿ. ಹೌದು, ಇತ್ತು.

ಎರಡು ವರ್ಷದ ಹಿಂದೆ ಲೇತಿನಿಂದ ಒಂದು ಚೂರು ಹಾರಿ ಎಡಗಣ್ಣಿಗೆ ಬಿತ್ತು. ಕನ್ನಡಕ ಹಣೆಯ ಮೇಲಿತ್ತು, ತಪ್ಪು ನಂದೇ. ಆ ಕಣ್ಣು ಈಗ ಕಾಣಲ್ಲ. ನೋಡಿದೋರಿಗೆ ಗೊತ್ತಾಗಲ್ಲ. ಕೆಲಸಕ್ಕೆ ತೊಂದರೆಯಿಲ್ಲ. ಬೋರು ಮಾಡೋದು ಗೇಜಿಂದ, ಬೆರಳಿಂದ. ಆದ್ರೆ ಗಾಡಿ ಓಡಿಸುವಾಗ ಎದುರಿನ ಲಾರಿ ಎಷ್ಟು ಹತ್ತಿರ ಬಂತು ಅಂತ ಗೊತ್ತಾಗಲ್ಲ. ಎರಡು ಸಲ ಓಡಿಸಿ ನೋಡಿದೆ. ಅಪ್ಪ ಪಕ್ಕದಲ್ಲಿ ಕೂತಿದ್ದರು. ಮೂರನೇ ಸಲ ಕೀ ಅವರ ಕೈಗೆ ಕೊಟ್ಟು ಅಕ್ಕನಿಗೆ ಕೊಟ್ಟುಬಿಡಿ ಅಂದೆ. ಚಪ್ಪಾಳೆ ಅದಕ್ಕೇ ಜೋರಾಗಿತ್ತು. ಕೈಗೆ ಏನಾದರೂ ಕೆಲಸ ಬೇಕಿತ್ತು.

ಅಕ್ಕನಿಗೆ ಕಣ್ಣಿನ ವಿಷಯ ಎಲ್ಲ ಗೊತ್ತು. ನಿಮಗೆ ಹೇಳಬೇಡ ಅಂತ ಆಣೆ ಹಾಕಿಸಿಕೊಂಡಿದ್ದೆ, ಅವಳ ಮೇಲೆ ಬೇಜಾರು ಮಾಡಬೇಡಿ. ನೀವು ಕೆಟ್ಟೋರು ಅಂತಲ್ಲ ಭಾವ. ಹೇಳಿದ್ರೆ ನೀವು ಅದರ ಮೇಲೆ ಒಂದು ಒಳ್ಳೆ ಜೋಕು ಮಾಡ್ತೀರಿ. ಎಲ್ಲರೂ ನಗ್ತಾರೆ. ನಾನೂ ನಗಬೇಕಾಗುತ್ತೆ. ಹೋದ ಸಲ ಬಂದಾಗ ಕಪ್ಪು ಕನ್ನಡಕ ಹಾಕಿದ್ದೆ, ‘ಏನೋ, ಕಣ್ಣು ಕಾಣದಷ್ಟು ಜಂಭ ಬಂತಾ?’ ಅಂದ್ರಿ. ನಕ್ಕೆ. ಚೆನ್ನಾಗೇ ಇತ್ತು.

ಈಗ ಕೆಲಸದ ಮಾತು. ಹೊಳೆಯಾಚೆಯ ಶೆಡ್ಡಿಗೆ ಬ್ಲಾಕ್ ಕೊಟ್ರೆ ಮೊದಲನೇ ಬೋರಿನಲ್ಲೇ ನೀರು ಕಾಣುತ್ತೆ. ಅಪ್ಪನ ಕಾರು ಅಲ್ಲಿಗೆ ಮುಗೀತು. ಆದ್ರೆ ಬ್ಲಾಕು ನಿಮ್ಮದು. ಹನ್ನೆರಡಕ್ಕೆ ಲಾರಿ ಬಂದ್ರೆ ನಾನು ತಡೆಯಲ್ಲ, ನಾನೇ ಎತ್ತಿ ಹಾಕ್ತೀನಿ. ಕಾರಿಗೋಸ್ಕರ ಮಾಡ್ತಿದ್ದಾನೆ ಅಂತ ಇನ್ನೊಂದು ಸಲ ಕೇಳಿಸಿಕೊಳ್ಳೋಕೆ ಆಗಲ್ಲ.

ಬ್ಲಾಕು ಹೋಗೋಕೆ ಮುಂಚೆ ಒಂದೇ ಪ್ರಶ್ನೆ. ನಿಮ್ಮ ಕೋಷ್ಟಕ ಹತ್ತು ಸಲ ನೋಡಿದೆ. ನಾಲ್ಕು ಪಿಸ್ಟನ್ನಿಗೂ ಸರಾಸರಿ ಒಂದೇ ಅಳತೆ ಬಂದಿದೆ. ಮೂರನೇ ಪಿಸ್ಟನ್ ಬೇರೆ ಮೂರಕ್ಕಿಂತ ಒಂದು ಮಿಲಿಯ ನೂರರಲ್ಲಿ ಎರಡು ಭಾಗ ಚಿಕ್ಕದು. ಎಂಟು ವರ್ಷದಿಂದ ನನಗೆ ಗೊತ್ತು. ಅದಕ್ಕೇ ಒಂದೊಂದಕ್ಕೂ ಬೇರೆ ಬೇರೆ ಕೊರೀಬೇಕು ಅನ್ನೋದು. ನಿಮ್ಮ ಕೋಷ್ಟಕದಲ್ಲಿ ಆ ಎರಡು ಎಲ್ಲೂ ಕಾಣಲಿಲ್ಲ.

ಮೂರನೇದನ್ನು ಅಳೆದಿರಾ ಭಾವ?

ನಿಮ್ಮ ಭಾಮೈದ


ಆಗಸ್ಟ್ 9

ಪ್ರಿಯ ಭಾಮೈದ,

ಲಾರಿಯವನು ಬರುವುದಿಲ್ಲ. ನಿನ್ನ ಅಕ್ಕ ಫೋನು ಮಾಡಿ ನಿಲ್ಲಿಸಿದ್ದಾಳೆ. ಹೊಳೆಯಾಚೆಯವರಿಗೂ ಮಾಡಿದ್ದಾಳೆ. ಅವಳು ಏನು ಹೇಳಿದಳೋ ಗೊತ್ತಿಲ್ಲ, ಆ ಕಡೆಯಿಂದ ‘ಸಾರಿ ಮೇಡಂ’ ಎಂಬುದೊಂದೇ ಕೇಳಿಸಿತು, ಮೂರು ಸಲ.

ನಿನ್ನ ಪತ್ರವನ್ನು ಅವಳು ನಿಂತೇ ಓದಿದಳು. ನನ್ನ ಕೈಗೆ ಕೊಟ್ಟಳು. ನಾನು ಓದಿ ಮುಗಿಸಿದೆ. ಆಮೇಲೆ ‘ಬೀರುವಿನ ಕೀ ಕೊಡಿ’ ಎಂದಳು. ಪೆಟ್ಟಿಗೆಯನ್ನು ಊಟದ ಮೇಜಿನ ಮೇಲೆ ಇಟ್ಟಳು. ‘ಅಳೀರಿ, ನಾನೂ ನೋಡ್ತೀನಿ.’

ಅಳೆದೆ. ಅಂಗಿಯ ಭಾಗ, ಪಿನ್ನಿಗೆ ಅಡ್ಡ. ತಿರುಗಿಸಿ ಬಿಗಿ ಮಾಡಿ ಅವಳ ಮುಂದೆ ಹಿಡಿದೆ. ‘ನೋಡು, 84ರ ಗೆರೆ ಕಾಣುತ್ತೆ. ಮೇಲೆ ನಲವತ್ತಮೂರು. 84.43.’

ಅವಳು ಕಿಟಕಿಯ ಬೆಳಕಿಗೆ ಹೋದಳು. ಸಿರಿಂಜು ಹಿಡಿಯುವ ಹಾಗೆ ಕಣ್ಣಿನ ಮಟ್ಟಕ್ಕೆ ಎತ್ತಿದಳು.

‘84ರ ಗೆರೆ ಇಣುಕ್ತಿದೆ ಅಷ್ಟೇ ರೀ. ಇನ್ನೂ ಬಂದಿಲ್ಲ.’

‘ಕಾಣ್ತಿದೆಯಲ್ಲ!’

‘ಕಾಣೋದು ಬೇರೆ, ಬರೋದು ಬೇರೆ. ಈ ಚಕ್ರದ ಒಂದು ಸುತ್ತು ಅಂದ್ರೆ ಐವತ್ತು ಗೆರೆ, ಅರ್ಧ ಮಿಲಿ. ಅದು ಪೂರ್ತಿ ಮುಗಿದ್ರೆ ತಾನೆ 84? ಇನ್ನೂ ಏಳು ಗೆರೆ ಬಾಕಿಯಿದೆ. ಹಿಂದಿನದು ಎಂಬತ್ತಮೂರೂವರೆ. ಅದರ ಮೇಲೆ ನಲವತ್ತಮೂರು. 83.93.’ ಮೈಕ್ರೋಮೀಟರನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟಳು. ‘ಔಷಧಿ ಹೀಗೆ ಓದಿದ್ರೆ ನನ್ನ ಕೆಲಸ ಒಂದು ವಾರ ಉಳೀತಿರಲಿಲ್ಲ. ನಿಮ್ಮದು ಹದಿನೆಂಟು ವರ್ಷ ಹೇಗೆ ಉಳೀತು?’

ಪೆಟ್ಟಿಗೆಯ ಮೇಲೆ 84. ಒಳಗೆ 83.93. ನಡುವೆ ಎಣ್ಣೆಗೂ ಬಿಸಿಗೂ ಬೇಕಾದಷ್ಟೇ ಜಾಗ. ಯಾರೂ ಏನನ್ನೂ ಬದಲಾಯಿಸಿರಲಿಲ್ಲ. ನಿನ್ನ ಮೇಲೆ ನಾನು ಕಟ್ಟಿದ ಮೊಕದ್ದಮೆಯೆಲ್ಲ ಇನ್ನೂ ಬರದ ಒಂದು ಗೆರೆಯ ಮೇಲೆ ನಿಂತಿತ್ತು.

ಮಿಕ್ಕ ವಿಷಯಕ್ಕೆ ಏನು ಬರೆಯಬೇಕೋ ಎರಡು ದಿನದಿಂದ ಯೋಚಿಸುತ್ತಿದ್ದೇನೆ. ನೀನು ಹೇಳಿದ ಹಾಗೆಯೇ ಒಂದು ಜೋಕು ಬಂತು. ಒಳ್ಳೆಯದೇ ಬಂತು, ನಿನ್ನ ಮೇಲಲ್ಲ, ನನ್ನ ಮೇಲೆ. ಬರೆದೂಬಿಟ್ಟೆ. ಆಮೇಲೆ ಆ ಹಾಳೆ ಹರಿದು ಇನ್ನೊಂದು ತೆಗೆದುಕೊಂಡೆ. ಇದು ಆ ಇನ್ನೊಂದು.

ನಾಳೆ ಬೆಳಗಿನ ಬಸ್ಸಿಗೆ ನಾವಿಬ್ಬರೂ ಹೊರಡುತ್ತೇವೆ. ಪಿಸ್ಟನ್ನುಗಳನ್ನು ಲಾರಿಗೆ ಹಾಕಲು ನಿನ್ನ ಅಕ್ಕ ಒಪ್ಪಲಿಲ್ಲ, ತೊಡೆಯ ಮೇಲಿಟ್ಟುಕೊಂಡು ತರುತ್ತಾಳೆ. ಈ ಪತ್ರ ನಾವು ಬಂದ ಮೇಲೆ ತಲುಪುತ್ತದೆ. ಬೇಕೆಂದೇ ಹಾಗೆ ಮಾಡಿದ್ದೇನೆ. ಬ್ಲಾಕೂ ಪಿಸ್ಟನ್ನೂ ಒಂದೇ ಕೋಣೆಯಲ್ಲಿ ಒಂದು ದಿನ ಇರಬೇಕಲ್ಲ, ನಾನೂ ಮೂಲೆಯಲ್ಲಿ ಕೂತಿರುತ್ತೇನೆ. ಕೊರೆಯುವುದನ್ನು ನೋಡಲು ಬಿಡುತ್ತೀಯಾ ಎಂದು ಕೇಳುವ ಧೈರ್ಯವಿಲ್ಲ. ಬಿಟ್ಟರೆ ಬಾಯಿ ಮುಚ್ಚಿಕೊಂಡು ನೋಡುತ್ತೇನೆ. ಇಂಜಿನ್ ಕೂಡಿದ ಮೇಲೆ ಮೊದಲ ಸಲ ಆ ಏರು ಹತ್ತುವಾಗ ಮುಂದಿನ ಸೀಟು ನಿನ್ನದು, ಇದು ನಿನ್ನ ಅಕ್ಕನ ಆಜ್ಞೆ. ಎದುರಿನ ಲಾರಿಯನ್ನು ಅವಳು ನೋಡಿಕೊಳ್ಳುತ್ತಾಳೆ, ಇಂಜಿನ್ನಿನ ಶಬ್ದ ನೀನು ಕೇಳಿಸಿಕೊಂಡರೆ ಸಾಕಂತೆ.

ಇನ್ನು ನಿನ್ನ ಪ್ರಶ್ನೆ. ಎದುರಿಗೆ ಕೂತು ಹೇಳಲಾರೆ, ಅದಕ್ಕೇ ಅಂಚೆಗೆ ಹಾಕುತ್ತಿದ್ದೇನೆ.

ಮೂರನೆಯದನ್ನು ಅಳೆದಿರಲಿಲ್ಲ. ಎರಡನೆಯದನ್ನೂ, ನಾಲ್ಕನೆಯದನ್ನೂ ಅಳೆದಿರಲಿಲ್ಲ. ಅವು ಎಣ್ಣೆಕಾಗದದಿಂದ ಹೊರಗೇ ಬಂದಿರಲಿಲ್ಲ. ಜೂನ್ ತಿಂಗಳಲ್ಲಿ ಒಂದು ಪಿಸ್ಟನ್ನನ್ನು ಒಂದು ಸಲ ಅಳೆದಿದ್ದೆ. ಆ ಒಂದು ಸಂಖ್ಯೆ ಬಿಟ್ಟು ಮಿಕ್ಕ ಹತ್ತೊಂಬತ್ತನ್ನೂ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಾ ಬರೆದೆ. ನಿಜವೆನ್ನಿಸಲಿ ಎಂದು ಅಲ್ಲೊಂದು 84.42, ಇಲ್ಲೊಂದು 84.44 ಉದುರಿಸಿದೆ. ಇದೇ ಕೆಲಸ ಮಾಡಿದ್ದಕ್ಕೆ ಪ್ರತಿ ವರ್ಷ ನಾಲ್ಕೈದು ಮಕ್ಕಳನ್ನು ಪ್ರಯೋಗಾಲಯದಿಂದ ಆಚೆ ನಿಲ್ಲಿಸುತ್ತೇನೆ. ಅವರೆಲ್ಲ ಒಂದೇ ಪೆನ್ನಿನಲ್ಲಿ ಬರೆದು ಸಿಕ್ಕಿಬೀಳುತ್ತಾರೆ. ನಾನು ಎರಡು ಪೆನ್ನು ಬಳಸಿದ್ದೆ.

ನಿನ್ನ ಭಾವ